ರಿಲೀವರ್ ಬರುವವರೆಗೆ

ರಾತ್ರಿ ಒಂದು ಐವತ್ತಕ್ಕೆ ಕ್ಯಾಬಿನ್ನಿನ ಬಾಗಿಲ ಮೇಲೆ ಎರಡು ಬಡಿತ. "ಟೆನ್ ಮಿನಿಟ್ಸ್!" ಅಷ್ಟೇ ಮಾತು. ಒಳಗೆ ಒದ್ದೆ ಬಟ್ಟೆ, ಬೆವರು, ಸನ್‌ಸ್ಕ್ರೀನ್ ಎಲ್ಲ ಸೇರಿಕೊಂಡ ಹಳಸು ವಾಸನೆ. ಬೆರಳುಗಳು ಹುಟ್ಟಿನ ಹಿಡಿಯ ಆಕಾರಕ್ಕೇ ಸೆಟೆದುಕೊಂಡಿರುತ್ತಿದ್ದವು. ಒಂದೊಂದನ್ನೇ ಇನ್ನೊಂದು ಕೈಯಿಂದ ಬಿಡಿಸಿ ನೆಟ್ಟಗೆ ಮಾಡಬೇಕು. ಆಮೇಲೆ ಆರದ ಜಾಕೆಟ್ಟು, ಸೊಂಟದ ಪಟ್ಟಿ, ಪಟ್ಟಿಯ ಕೊಕ್ಕೆ. ಕೊಕ್ಕೆಯನ್ನು ದೋಣಿಯ ಹಗ್ಗಕ್ಕೆ ಸಿಕ್ಕಿಸದೆ ಯಾರೂ ಹೊರಗೆ ಕಾಲಿಡುವ ಹಾಗಿಲ್ಲ. ಎರಡು ಗಂಟೆ ಹೊಡೆಯುವಾಗ ನಾನು ಸೀಟಿನ ಮೇಲಿರಬೇಕು, ಅಲ್ಲಿದ್ದವಳು ನಾನು ಬಿಟ್ಟು ಬಂದ ಬಿಸಿ ಆರದ ಜಾಗದಲ್ಲಿ ಮಲಗಿರಬೇಕು.

ದಿನಕ್ಕೆ ಆರು ಸಲ ಹೀಗೆ. 46 ದಿನ. ಅಟ್ಲಾಂಟಿಕ್ ಸಾಗರವನ್ನು ಹುಟ್ಟು ಹಾಕಿ ದಾಟಿದ್ದು ಎಂದರೆ ನನ್ನ ಮೈಗೆ ನೆನಪಿರುವುದು ಇದು. ತೆರೆಗಳು ಆಮೇಲೆ.

ನಾನು ಭದ್ರಾವತಿಯವಳು. ಕಡಲಿಗೂ ನಮ್ಮೂರಿಗೂ ನಡುವೆ ಇಡೀ ಘಟ್ಟವಿದೆ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸದಲ್ಲಿದ್ದರು. ನಮ್ಮ ಮನೆಯ ಗಡಿಯಾರ ಕಾರ್ಖಾನೆಯ ಸೈರನ್. ಫಸ್ಟ್ ಶಿಫ್ಟ್ ಇದ್ದ ವಾರ ಅಮ್ಮ ನಾಲ್ಕೂವರೆಗೆ ಎದ್ದು ಡಬ್ಬಿ ಕಟ್ಟುತ್ತಿದ್ದಳು, ನೈಟ್ ಶಿಫ್ಟ್ ಇದ್ದ ವಾರ ನಾವು ಮಕ್ಕಳು ಹಗಲೆಲ್ಲ ಪಿಸುಮಾತಿನಲ್ಲೇ ಜಗಳವಾಡಬೇಕಿತ್ತು. ಕೆಲವು ದಿನ ಅಪ್ಪ ಎರಡು ಗಂಟೆಗೆ ಬರಬೇಕಾದವರು ರಾತ್ರಿ ಹತ್ತೂವರೆಗೆ ಬರುತ್ತಿದ್ದರು. "ರಿಲೀವರ್ ಬರಲಿಲ್ಲ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋಗುತ್ತಿದ್ದರು. ರಿಲೀವರ್ ಎಂದರೆ ಮುಂದಿನ ಪಾಳಿಗೆ ಬಂದು ಅಪ್ಪನನ್ನು ಬಿಡಿಸಬೇಕಾದವನು. ಹಾಗಾದರೆ ಬಿಟ್ಟು ಬರಬೇಕಿತ್ತು ಎಂದು ನಾನು ಒಮ್ಮೆ ಅಂದಾಗ, "ಆರಿಸಿ ಬರೋಕೆ ಅದೇನು ಮನೆ ಒಲೆನೇನೆ ಪುಟ್ಟಿ?" ಅಂದಿದ್ದರು. ಆ ಮಾತು ಎಷ್ಟೋ ವರ್ಷ ನನ್ನೊಳಗೆ ಸುಮ್ಮನೆ ಬಿದ್ದಿತ್ತು.

ಮದುವೆಯಾಗಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪಟ್ಟಣಕ್ಕೆ ಬಂದೆ. ಎಲೆಕ್ಟ್ರಿಕಲ್ ಎಂಜಿನಿಯರ್ ಕೆಲಸ. ಸಹೋದ್ಯೋಗಿಯೊಬ್ಬಳು ಶನಿವಾರದ ರೋಯಿಂಗ್ ಕ್ಲಬ್ಬಿಗೆ ಕರೆದೊಯ್ದಳು. ಭದ್ರಾ ನಾಲೆಯಲ್ಲಿ ಅಣ್ಣಂದಿರ ಜೊತೆ ಈಜು ಕಲಿತವಳಿಗೆ ನೀರಿನ ಭಯವಿರಲಿಲ್ಲ, ತಣ್ಣೀರಿನ ಭಯ ಮಾತ್ರ ಇತ್ತು. ನಾಲ್ಕು ವರ್ಷದ ಮೇಲೆ ಅದೇ ಕ್ಲಬ್ಬಿನ ಮೂವರು ಅಟ್ಲಾಂಟಿಕ್ ದಾಟುವ ತಂಡ ಕಟ್ಟಿದರು. ಬ್ಯಾಟರಿ, ಸೋಲಾರ್, ನೀರಿನ ಯಂತ್ರ ಗೊತ್ತಿರುವ ನಾಲ್ಕನೆಯವಳು ಬೇಕಿತ್ತು. ಹೂಂ ಅಂದೆ. ಆಗ ನನಗೆ ನಲವತ್ತೊಂದು.

ಪ್ರತಿ ಡಿಸೆಂಬರಿನಲ್ಲಿ ಕೆನರಿ ದ್ವೀಪಗಳ ಲಾ ಗೊಮೆರಾದಿಂದ ಹೊರಟು ಕೆರಿಬಿಯನ್ನಿನ ಆಂಟಿಗುವಾ ಮುಟ್ಟುವ ಸ್ಪರ್ಧೆ ಇದೆ. ಸುಮಾರು 3000 ಮೈಲಿ. ಎಂಜಿನ್ ಇಲ್ಲ, ಹಾಯಿ ಇಲ್ಲ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಬೆನ್ನಿಗಿರುತ್ತದೆ, ಮಿಕ್ಕದ್ದು ತೋಳು ಮತ್ತು ಕಾಲು. ಕಾಲು ಎಂದದ್ದು ತಪ್ಪಿ ಅಲ್ಲ. ಸೀಟು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ, ಬಲದಲ್ಲಿ ಹೆಚ್ಚಿನದು ತೊಡೆಯಿಂದಲೇ ಬರಬೇಕು.

ಹೊರಡುವ ಮುಂಚಿನ ಎರಡು ವರ್ಷದ ಬಗ್ಗೆ ಯಾರೂ ಕೇಳುವುದಿಲ್ಲ. ನನಗಂತೂ ಅದೇ ದೊಡ್ಡ ದಾರಿಯಾಗಿತ್ತು. ದೋಣಿ, ಸಲಕರಣೆ, ಪ್ರವೇಶ ಶುಲ್ಕ ಎಲ್ಲ ಸೇರಿ ಒಂದು ಲಕ್ಷ ಪೌಂಡು ದಾಟಿತು. ನೂರಾರು ಕಂಪನಿಗಳಿಗೆ ಪತ್ರ ಬರೆದೆವು, ಹೆಚ್ಚಿನವು ಉತ್ತರಿಸಲೇ ಇಲ್ಲ. ಸಮುದ್ರದಲ್ಲಿ ದಾರಿ ಹಿಡಿಯುವುದು, ರೇಡಿಯೋ ಬಳಸುವುದು, ಪ್ರಥಮ ಚಿಕಿತ್ಸೆ, ಮುಳುಗುವಾಗ ಬದುಕುವುದು, ಒಂದೊಂದಕ್ಕೂ ಒಂದೊಂದು ಕೋರ್ಸು. ಕೊನೆಯದರಲ್ಲಿ ಈಜುಕೊಳದೊಳಗೆ ಲೈಫ್ ಜಾಕೆಟ್ ಹಾಕಿಸಿ, ಬೋರಲು ಬಿದ್ದ ರಬ್ಬರ್ ತೆಪ್ಪವನ್ನು ಒಬ್ಬೊಬ್ಬರೇ ನೆಟ್ಟಗೆ ಮಾಡಬೇಕಿತ್ತು. ತೆಪ್ಪ ಮೈಮೇಲೆ ಬಿದ್ದು ಮೂಗಿಗೆ ನೀರು ನುಗ್ಗಿದಾಗ, ಮನೆಯಲ್ಲಿ ಇಬ್ಬರು ಮಕ್ಕಳನ್ನು ಬಿಟ್ಟು ಇದೇನು ಮಾಡುತ್ತಿದ್ದೇನೆ ಎಂದು ಮೊದಲ ಸಲ ಅನ್ನಿಸಿತು. ಗಂಡ ಅಂದು ಸಂಜೆ ಕೇಳಿದ್ದು ಒಂದೇ ಪ್ರಶ್ನೆ: "ಹೋಗದೆ ಉಳಿದರೆ ಸಮಾಧಾನವಾಗಿ ಇರ್ತೀಯಾ?" ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಚಳಿಗಾಲದಲ್ಲಿ ಹಳೆಯ ಕಥೆಗಳನ್ನು ಹುಡುಕಿ ಓದಿದೆ. 1896ರಲ್ಲಿ ಜಾರ್ಜ್ ಹಾರ್ಬೋ, ಫ್ರ್ಯಾಂಕ್ ಸ್ಯಾಮುಯೆಲ್ಸನ್ ಎಂಬಿಬ್ಬರು ನ್ಯೂಯಾರ್ಕಿನಿಂದ ಇಂಗ್ಲೆಂಡಿನ ಸಿಲಿ ದ್ವೀಪಗಳಿಗೆ 55 ದಿನದಲ್ಲಿ ಬಂದಿದ್ದರು. ತೆರೆದ ದೋಣಿ, ಕ್ಯಾಬಿನ್ ಇಲ್ಲ, ರೇಡಿಯೋ ಇಲ್ಲ. 1966ರಲ್ಲಿ ಜಾನ್ ರಿಡ್ಜ್‌ವೇ ಮತ್ತು ಚೇ ಬ್ಲೈತ್ 92 ದಿನ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಡೆಬ್ರಾ ಸರ್ಲ್. 2001ರಲ್ಲಿ ಗಂಡನ ಜೊತೆ ಟೆನೆರೀಫಿನಿಂದ ಹೊರಟವಳು. ಆಳ ಕಡಲಿನ ಭಯ ಗಂಡನನ್ನು ಹಿಡಿದುಕೊಂಡಿತು, ಅವನನ್ನು ಬೇರೆ ಹಡಗು ಬಂದು ಕರೆದೊಯ್ದಿತು. ಆಕೆ ಒಬ್ಬಳೇ ಹುಟ್ಟು ಹಾಕುತ್ತ ಮೂರೂವರೆ ತಿಂಗಳಿಗೂ ಮೇಲೆ ಕಡಲಲ್ಲಿದ್ದು ಬಾರ್ಬಡೋಸ್ ಮುಟ್ಟಿದಳು. ಗಂಡನನ್ನು ಒಮ್ಮೆಯೂ ಹಳಿಯಲಿಲ್ಲವಂತೆ. ಆಮೇಲೆ ವೇದಿಕೆಗಳಲ್ಲಿ ಮಾತಾಡುವುದೇ ಆಕೆಯ ವೃತ್ತಿಯಾಯಿತು. ರಾಜ್ ಸ್ಯಾವೇಜ್ ಕೂಡ ಹಾಗೆಯೇ. 2005ರಲ್ಲಿ ಒಬ್ಬಳೇ ಹೊರಟವಳ ನಾಲ್ಕೂ ಹುಟ್ಟುಗಳು ಮುರಿದವು, ಸ್ಯಾಟಲೈಟ್ ಫೋನು ಸತ್ತಿತು. ಮುರಿದದ್ದನ್ನೇ ಕಟ್ಟಿಕೊಂಡು 103 ದಿನಕ್ಕೆ ದಡ ಸೇರಿದಳು. ಭಾಷಣಕಾರ್ತಿಯಾಗಿ ಊರೂರು ಸುತ್ತಿದ ಆಕೆ 2024ರಲ್ಲಿ ಬ್ರಿಟನ್ನಿನ ಸಂಸತ್ತಿಗೇ ಆಯ್ಕೆಯಾದಳು. ಹುಟ್ಟು ಹಿಡಿದ ಕೈ ಮೈಕು ಹಿಡಿಯುವುದಕ್ಕೆ ಇಲ್ಲಿ ಹೀಗೆ ಪರಂಪರೆಯೇ ಇದೆ. ನಾನೂ ಆ ಸಾಲಿಗೆ ಸೇರುತ್ತೇನೆಂದು ಆಗ ಕನಸಿನಲ್ಲೂ ಇರಲಿಲ್ಲ.

ಹೊರಟ ಮೊದಲ ನಾಲ್ಕು ದಿನ ವಾಂತಿ. ಐದನೆಯ ದಿನ ಹೊಟ್ಟೆಯಲ್ಲಿ ನಿಂತದ್ದು ಅಮ್ಮನ ಪಾಕದ ಹುಳಿ ಅವಲಕ್ಕಿ. ಕುಟ್ಟಿದ ಅವಲಕ್ಕಿ, ಹುಣಸೆ, ಬೆಲ್ಲ, ಸಾರಿನ ಪುಡಿ ಕಲಸಿ ಒಣಗಿಸಿ ಪ್ಯಾಕೆಟ್ ಮಾಡಿಕೊಂಡಿದ್ದೆ. ಬಿಸಿನೀರು ಹುಯ್ದು ಹತ್ತು ನಿಮಿಷ ಮುಚ್ಚಿಟ್ಟರೆ ಸಾಕು. ಮೂರನೇ ವಾರದ ಹೊತ್ತಿಗೆ ಉಳಿದ ಮೂವರೂ ತಮ್ಮ ಪ್ಯಾಕೆಟ್ ಪಾಸ್ತಾ ಕೊಟ್ಟು ಅದನ್ನು ಇಸಿದುಕೊಳ್ಳುತ್ತಿದ್ದರು.

ಹುಟ್ಟು ಹಾಕುವವರು ಕೂರುವುದು ಹೋಗುವ ದಿಕ್ಕಿಗೆ ಬೆನ್ನು ಹಾಕಿ. ಪಶ್ಚಿಮಕ್ಕೆ ಹೋಗುವ ನಮಗೆ ಮುಂದೆ ಕಾಣುತ್ತಿದ್ದದ್ದು ಪೂರ್ವ. ಸಂಜೆಯಾದರೆ ಮೃಗಶಿರದ ಮೂರು ಚುಕ್ಕಿಗಳ ಸಾಲು ನೀರಿನಿಂದ ಎದ್ದು ಬರುವುದು ಎದುರಿಗೇ. ಬೆಳಗಿನ ಪಾಳಿ ಸಿಕ್ಕವರಿಗೆ ಸೂರ್ಯನೂ ಎದುರಿಗೇ. ಹುಟ್ಟು ನೀರಿಗೆ ತಾಗಿದ ಕಡೆಯೆಲ್ಲ ಹಸಿರು ಬೆಳಕು ಚದುರುವ ರಾತ್ರಿಗಳಿದ್ದವು. ಹಾರುವ ಮೀನು ಬಂದು ಎದೆಗೆ ಬಡಿದ ರಾತ್ರಿಗಳೂ ಇದ್ದವು.

ಇವೆಲ್ಲ ಭಾಷಣದಲ್ಲಿ ಚೆನ್ನಾಗಿ ಒದಗುತ್ತವೆ. ಆದರೆ ನನ್ನನ್ನು ಬದಲಿಸಿದ್ದು ಎರಡು ಸಂಗತಿ. ಎರಡರಲ್ಲೂ ಬಿರುಗಾಳಿಯಿಲ್ಲ.

ಮೊದಲನೆಯದು ಹತ್ತೊಂಬತ್ತನೆಯ ದಿನ. ಕುಡಿಯುವ ನೀರಿನ ಯಂತ್ರ ನಿಂತಿತು. ಕಡಲ ನೀರನ್ನು ಬಹಳ ಒತ್ತಡದಲ್ಲಿ ಪೊರೆಯೊಳಗೆ ನುಗ್ಗಿಸಿ ಉಪ್ಪು ಬೇರೆ ಮಾಡುವ ಯಂತ್ರ ಅದು. ಅದು ನಿಂತರೆ ಉಳಿಯುವುದು ಕೈಪಂಪು, ಅದರಲ್ಲಿ ಲೋಟ ತುಂಬಲು ತೋಳು ಬಿದ್ದು ಹೋಗುತ್ತದೆ. ತೆರೆ ಎದ್ದಾಗ ನೀರು ಹೀರುವ ಬಾಯಿ ಮೇಲೆ ಬಂದು ಪೈಪಿಗೆ ಗಾಳಿ ಸೇರಿತ್ತು. ಗಾಳಿ ಹೊರಗೆ ತೆಗೆದೆ, ಮತ್ತೆ ಸೇರಿತು. ಕ್ಯಾಬಿನ್ ಕೆಳಗಿನ ಗೂಡಿನಲ್ಲಿ ತಲೆ ತೂರಿಸಿ ಒಂದೊಂದೇ ಜಾಯಿಂಟ್ ಬಿಚ್ಚಿದೆ. ಸವೆದು ಹೋದ ರಬ್ಬರ್ ರಿಂಗ್ ಸಿಕ್ಕಿತು. ಬೇರೆ ಹಾಕಿ, ಹಿಂಡಿ, ಮತ್ತೆ ಸ್ವಿಚ್ ಒತ್ತಿದಾಗ ತೆಳ್ಳಗಿನ ಧಾರೆ ಬಾಟಲಿಗೆ ಬಿತ್ತು. ತಲೆ ಎತ್ತಿ ಗಡಿಯಾರ ನೋಡಿದರೆ ಐದೂವರೆ ಗಂಟೆ ಕಳೆದಿದೆ. ನನ್ನ ಪಾಳಿ ಬಂದು ಹೋಗಿತ್ತು, ಯಾರೂ ಬಾಗಿಲು ಬಡಿದಿರಲಿಲ್ಲ. ನನ್ನ ಎರಡು ಗಂಟೆಯನ್ನು ಮೂವರೂ ಹಂಚಿಕೊಂಡು, ನಿದ್ದೆ ಬಿಟ್ಟು, ನನಗೆ ಹೇಳದೆ ಮುಗಿಸಿದ್ದರು. ನಾನು ಆ ಧಾರೆಯ ಮುಂದೆ ಕೂತು ಅತ್ತೆ. ನೀರು ಬಂದದ್ದಕ್ಕಲ್ಲ.

ಎರಡನೆಯದು ಜಗಳ. ನಮ್ಮಲ್ಲಿ ಶಾಲಾ ಶಿಕ್ಷಕಿಯೊಬ್ಬಳಿದ್ದಳು. ನಾಲ್ಕನೇ ವಾರ ಆಕೆ ಪಾಳಿಗೆ ತಡವಾಗಿ ಬರತೊಡಗಿದಳು. ಮೂರು ನಿಮಿಷ, ನಾಲ್ಕು ನಿಮಿಷ. ಊರಲ್ಲಿ ಇದು ಲೆಕ್ಕಕ್ಕೇ ಬಾರದ ತಡ. ದೋಣಿಯಲ್ಲಿ ಅದು ಇನ್ನೊಬ್ಬಳ ನಿದ್ದೆಯಿಂದ ಕಿತ್ತ ನಾಲ್ಕು ನಿಮಿಷ. ಎರಡು ಗಂಟೆಯ ವಿರಾಮದಲ್ಲಿ ಬಟ್ಟೆ ಬಿಚ್ಚಿ, ಹುಣ್ಣುಗಳಿಗೆ ಮುಲಾಮು ಹಚ್ಚಿ, ತಿಂದು ಮಲಗುವ ಹೊತ್ತಿಗೆ ನಿದ್ದೆಗೆ ಉಳಿಯುವುದು ಒಂದೂಕಾಲು ಗಂಟೆ. ಇಪ್ಪತ್ತೇಳನೆಯ ದಿನ ನಮ್ಮ ಫಿಸಿಯೋಥೆರಪಿಸ್ಟ್ ಸಿಡಿದಳು. "ನೀನು ಕದೀತಾ ಇದೀಯ" ಅಂದಳು. ಶಿಕ್ಷಕಿ ಏನೂ ಹೇಳಲಿಲ್ಲ. ಕೈಗವಸು ಬಿಚ್ಚಿ ತೋರಿಸಿದಳು. ಬಲಗೈಯ ಎರಡು ಬೆರಳು ಕೀವು ತುಂಬಿ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಜಾಕೆಟ್ಟಿನ ಜಿಪ್ ಎಳೆಯಲು, ಕೊಕ್ಕೆ ಸಿಕ್ಕಿಸಲು ಆಗುತ್ತಿರಲಿಲ್ಲ. ಒಂದು ವಾರದಿಂದ ಹಲ್ಲಿನಲ್ಲಿ ಜಿಪ್ ಎಳೆದುಕೊಂಡು ಹುಟ್ಟು ಹಾಕುತ್ತಿದ್ದಳು. ಹೇಳಿದರೆ ಭಾರವಾಗುತ್ತೇನೆಂದು ಹೇಳಿರಲಿಲ್ಲ.

ಸ್ಯಾಟಲೈಟ್ ಫೋನಿನಲ್ಲಿ ವೈದ್ಯರನ್ನು ಕೇಳಿ ಆ್ಯಂಟಿಬಯೋಟಿಕ್ ಶುರು ಮಾಡಿದೆವು. ಅವತ್ತಿನಿಂದ ಪಾಳಿ ಬದಲಾವಣೆ ಬೇರೆಯಾಯಿತು. ಇಳಿಯುವವಳು ಬರುವವಳ ಜಿಪ್ ಎಳೆದು, ಕೊಕ್ಕೆ ಸಿಕ್ಕಿಸಿ, ಎಳೆದು ನೋಡಿ, ಆಮೇಲೆ ಒಳಗೆ ಹೋಗಬೇಕು. ಶಿಕ್ಷಕಿಗೆ ಮಾತ್ರವಲ್ಲ, ಎಲ್ಲರಿಗೂ ಹೀಗೆಯೇ. ಗಲ್ಲದವರೆಗೆ ಜಿಪ್ ಬಂದು ನಿಲ್ಲುವ ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಚಿಕ್ಕಂದಿನಲ್ಲಿ ಅಮ್ಮ ಸ್ವೆಟರ್ ಗುಂಡಿ ಹಾಕಿದ ಮೇಲೆ ಯಾರೂ ನನಗೆ ಹಾಗೆ ಮಾಡಿರಲಿಲ್ಲ.

46ನೆಯ ದಿನ ಆಂಟಿಗುವಾದ ಇಂಗ್ಲಿಷ್ ಹಾರ್ಬರ್. ಕೈಯಲ್ಲಿ ಉರಿಯುವ ಕೆಂಪು ಫ್ಲೇರ್, ಸುತ್ತಲೂ ಹಡಗುಗಳ ಹಾರ್ನ್. ದಡದ ಮೇಲೆ ಕಾಲೂರಿದರೆ ನೆಲ ತೂಗುತ್ತಿತ್ತು. ಮಕ್ಕಳು ಓಡಿ ಬಂದು ಸೊಂಟ ತಬ್ಬಿದರು. ಹನ್ನೊಂದು ಕಿಲೋ ಇಳಿದಿದ್ದೆ.

ಮನೆಗೆ ಬಂದ ಮೇಲೆ ಎರಡು ತಿಂಗಳು ನಾನು ಒಂದೇ ಸಲಕ್ಕೆ ಎರಡು ಗಂಟೆಗಿಂತ ಹೆಚ್ಚು ನಿದ್ದೆ ಮಾಡಲಿಲ್ಲ. ಮಧ್ಯರಾತ್ರಿ ಎದ್ದು ಕೂತು ಜಾಕೆಟ್ಟಿಗೆ ತಡಕಾಡುತ್ತಿದ್ದೆ. ಯಾರೂ ಬಾಗಿಲು ಬಡಿಯುತ್ತಿರಲಿಲ್ಲ. ನನ್ನನ್ನು ಕಾಯುವವರು ಯಾರೂ ಇಲ್ಲ ಎಂಬ ಖಾಲಿತನ ತಂಡದ ಉಳಿದ ಮೂವರನ್ನೂ ಹಿಡಿದಿತ್ತು. ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಎಷ್ಟೋ ವಾರ ಬೇಕಾಯಿತು.

ಭಾಷಣ ಶುರುವಾದದ್ದು ಆ ದಿನಗಳಲ್ಲೇ. ಮೊದಲು ಆಫೀಸಿನಲ್ಲಿ, ಆಮೇಲೆ ಮಕ್ಕಳ ಶಾಲೆಯಲ್ಲಿ, ಆಮೇಲೆ ಭಾಷಣಕಾರರನ್ನು ಒದಗಿಸುವ ಸಂಸ್ಥೆಯೊಂದರ ಮೂಲಕ ಕಂಪನಿಗಳಲ್ಲಿ. ಅವರು ಹೇಳಿಕೊಟ್ಟ ಹಾಗೆ ನಲವತ್ತೈದು ನಿಮಿಷದ ಮಾತನ್ನು ಏಳು ಸೂತ್ರಗಳಾಗಿ ಕಟ್ಟಿದೆ. ದೊಡ್ಡ ತೆರೆಯ ಫೋಟೋ, ಕೈಬೊಕ್ಕೆಗಳ ಫೋಟೋ, ಫ್ಲೇರ್ ಹಿಡಿದ ಫೋಟೋ. ರೆಸಿಲಿಯನ್ಸ್ ಎಂಬ ಮಾತು ಪ್ರತಿ ಸ್ಲೈಡಿನಲ್ಲಿ. ಕನ್ನಡದಲ್ಲಿ ಇದಕ್ಕೆ ಏನನ್ನಬೇಕು ಎಂದು ಯೋಚಿಸಿದಾಗ ನನಗೆ ಹೊಳೆದದ್ದು ತಾಳಿಕೆ. ಬಟ್ಟೆಗೂ ಪಾತ್ರೆಗೂ ಹೇಳುವ ಮಾತು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಇಂಗ್ಲಿಷಿಗೆ ತಂದು ಕೊನೆಯ ಸ್ಲೈಡಿಗೆ ಹಾಕಿದೆ. ಚಪ್ಪಾಳೆ ಜೋರಾಗಿಯೇ ಬರುತ್ತಿತ್ತು.

ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಬುಧವಾರ, ಊರಿನ ಲೈಬ್ರರಿಯ ಹಾಲ್‌ನಲ್ಲಿ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರ ಸಭೆಗೆ ಕರೆದಿದ್ದರು. ಮೂವತ್ತು ಜನ, ಹೆಚ್ಚಿನವರು ಅರವತ್ತು ದಾಟಿದವರು. ಮಾತು ಮುಗಿಸಿ ಕೂತೆ. ಹಿಂದಿನ ಸಾಲಿನಿಂದ ಬೂದು ಕೋಟಿನ ಹೆಂಗಸೊಬ್ಬರು ಎದ್ದು ನಿಂತರು. ಹನ್ನೊಂದು ವರ್ಷದಿಂದ ಮರೆವಿನ ಕಾಯಿಲೆಯ ಗಂಡನನ್ನು ನೋಡಿಕೊಳ್ಳುತ್ತಿದ್ದೇನೆ ಎಂದು ಹೇಳಿ, ಕೋಪವೇನೂ ಇಲ್ಲದೆ ಕೇಳಿದರು: "ದಡ ಎಲ್ಲಿದೆ ಅಂತ ನಿಮಗೆ ಗೊತ್ತಿತ್ತು. ಹೋಗಬೇಕು ಅಂತ ನೀವೇ ಆರಿಸಿಕೊಂಡಿರಿ. ಎರಡು ಗಂಟೆಗೊಮ್ಮೆ ಬಿಡಿಸೋಕೆ ಜನ ಇದ್ದರು. ನನಗೆ ಈ ಮೂರೂ ಇಲ್ಲ. ನನಗೇನು ಹೇಳ್ತೀರಿ?"

ನನ್ನ ಏಳು ಸೂತ್ರಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ನನ್ನ ಹತ್ತಿರ ಉತ್ತರ ಇಲ್ಲ" ಅಂದೆ. ಅವರು ತಲೆಯಾಡಿಸಿ ಕೂತರು. ಟೀ ಹೊತ್ತಿನಲ್ಲಿ ಅವರ ಪಕ್ಕ ಹೋಗಿ ಕೂತೆ. ಕೊನೆಯ ಸಲ ಇಡೀ ರಾತ್ರಿ ಮಲಗಿದ್ದು ಯಾವಾಗ ಎಂದು ಕೇಳಿದೆ. ಅವರು ಬಹಳ ಹೊತ್ತು ಲೆಕ್ಕ ಹಾಕಿದರು. ಲೆಕ್ಕ ಸಿಗಲಿಲ್ಲ.

ಕಾರು ಓಡಿಸಿಕೊಂಡು ಮನೆಗೆ ಬರುವಾಗ ನನಗೆ ಎರಡು ವಿಷಯ ಒಟ್ಟಿಗೆ ಅರ್ಥವಾದವು. ನಾನು ತಾಳಿದ್ದು ತಾಳ್ಮೆಯಿಂದಲ್ಲ, ಪ್ರತಿ ಎರಡು ಗಂಟೆಗೆ ಇನ್ನೊಬ್ಬಳು ಬಂದು ಹುಟ್ಟು ಇಸಿದುಕೊಂಡದ್ದರಿಂದ. ಅದನ್ನು ವೇದಿಕೆಯಿಂದ ಒಬ್ಬಳೇ ಹೊತ್ತ ಸಾಹಸದ ಹಾಗೆ ಹೇಳುತ್ತ ಬಂದಿದ್ದೆ. ಇದು ಒಂದು. ಇನ್ನೊಂದನ್ನು ಬರೆಯಲು ಈಗಲೂ ಕಷ್ಟ. ಭದ್ರಾವತಿಯಲ್ಲಿ ಅಮ್ಮನಿಗೆ ಸ್ಟ್ರೋಕ್ ಆಗಿ ಆಗಲೇ ಎರಡು ವರ್ಷವಾಗಿತ್ತು. ಎಪ್ಪತ್ತಾರರ ಅಪ್ಪ ಒಬ್ಬರೇ ಎತ್ತಿ ಕೂರಿಸಿ, ಉಣ್ಣಿಸಿ, ಮಲಗಿಸುತ್ತಿದ್ದರು. ಪ್ರತಿ ಭಾನುವಾರ ಫೋನಿನಲ್ಲಿ ನಾನು ಅಮ್ಮನ ಬಗ್ಗೆ ಕೇಳುತ್ತಿದ್ದೆ, ಬಿಪಿ ಕೇಳುತ್ತಿದ್ದೆ, ದುಡ್ಡು ಬೇಕೇ ಎಂದು ಕೇಳುತ್ತಿದ್ದೆ. "ಎಲ್ಲ ಸರಿಯಿದೆ ಪುಟ್ಟಿ" ಎನ್ನುತ್ತಿದ್ದರು. ಕಾರ್ಖಾನೆಯಿಂದ ಹತ್ತೂವರೆಗೆ ಬಂದು ಕೈಕಾಲು ತೊಳೆಯಲು ಹೋಗುವಾಗಿನ ಅದೇ ದನಿ. ಅದು ನನಗೆ ಕೇಳಿಸಿರಲಿಲ್ಲ.

ಅಂದು ರಾತ್ರಿಯೇ, ಅಲ್ಲಿ ಬೆಳಗಿನ ಐದೂವರೆ, ಫೋನು ಮಾಡಿದೆ. ಅಪ್ಪ ಎದ್ದಿದ್ದರು.

"ಅಪ್ಪಾ, ನಿಂಗೆ ರಿಲೀವರ್ ಯಾರು?"

"ಏನಂದೆ?"

"ಅಮ್ಮನ್ನ ನೋಡ್ಕೊಳ್ಳೋ ಡ್ಯೂಟಿಗೆ. ನಿನ್ನ ಬಿಡಿಸೋರು ಯಾರು?"

ಅವರು ಸುಮ್ಮನಾದರು. ಹಿಂದೆ ಹಾಲಿನವನ ಸೈಕಲ್ ಬೆಲ್ ಕೇಳಿಸಿತು. "ಯಾರೂ ಇಲ್ಲಮ್ಮ. ಡಬಲ್ ಡ್ಯೂಟಿ ನಡೀತಾ ಇದೆ" ಅಂದರು. ದನಿ ಒಂದು ಎಳೆ ನಡುಗಿತು. ಅಪ್ಪನ ದನಿ ನಡುಗಿದ್ದು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ನನ್ನ ಭಾಷಣದಿಂದ ಏಳು ಸೂತ್ರಗಳು ಹೋದವು. ತೆರೆಯ ಫೋಟೋ ಒಂದಿದೆ, ಜನ ಅದನ್ನು ನೋಡಲು ಆಸೆಪಡುತ್ತಾರೆ, ಅದು ಸಹಜ. ಉಳಿದ ಹೊತ್ತೆಲ್ಲ ಜಿಪ್ ಕಥೆ, ನೀರಿನ ಯಂತ್ರದ ಕಥೆ. ಕೊನೆಗೆ ಒಂದು ಚೀಟಿ ಹಂಚುತ್ತೇನೆ. ನಿಮ್ಮನ್ನು ಬಿಡಿಸುವವರು ಯಾರು, ನೀವು ಯಾರನ್ನು ಬಿಡಿಸುತ್ತೀರಿ, ಎಷ್ಟು ಗಂಟೆಗೆ? ಹೆಸರು ಮತ್ತು ಹೊತ್ತು ಎರಡನ್ನೂ ಬರೆಯಬೇಕು. ಭಾಷಣದ ಸಂಸ್ಥೆಯವರಿಗೆ ಇದು ಹಿಡಿಸಲಿಲ್ಲ, ಕರೆಗಳು ಕಡಿಮೆಯಾದವು. ಆದರೆ ಆಸ್ಪತ್ರೆಯ ವಾರ್ಡುಗಳಿಂದ, ಅಗ್ನಿಶಾಮಕ ಠಾಣೆಗಳಿಂದ ಕರೆಯುತ್ತಾರೆ. ನೈಟ್ ಡ್ಯೂಟಿ ಮುಗಿಸಿದ ನರ್ಸ್‌ಗಳ ಮುಂದೆ ಈ ಮಾತಾಡುವಾಗ ಅವರ ಮುಖದಲ್ಲಿ ಕಾಣುವುದನ್ನು ನಾನು ಯಾವ ಕಂಪನಿಯ ಸಭಾಂಗಣದಲ್ಲೂ ಕಂಡಿಲ್ಲ. ಕೆಲವರು ಚೀಟಿಯಲ್ಲಿ ಮೊದಲ ಸಾಲು ಖಾಲಿ ಬಿಡುತ್ತಾರೆ. ಆ ಖಾಲಿ ಸಾಲಿಗೋಸ್ಕರವೇ ಚೀಟಿ. ಪಕ್ಕದವರು ಅದನ್ನು ನೋಡುತ್ತಾರೆ.

2024ರ ಡಿಸೆಂಬರಿನಲ್ಲಿ ಅನನ್ಯಾ ಪ್ರಸಾದ್ ಅದೇ ಲಾ ಗೊಮೆರಾದಿಂದ ಒಬ್ಬಳೇ ಹೊರಟಾಗ ನಾನು ದಿನವೂ ಮ್ಯಾಪಿನ ಮೇಲೆ ಆಕೆಯ ಚುಕ್ಕಿ ನೋಡುತ್ತಿದ್ದೆ. ಕರ್ನಾಟಕದಲ್ಲಿ ಹುಟ್ಟಿದ, ಜಿ. ಎಸ್. ಶಿವರುದ್ರಪ್ಪನವರ ಮನೆತನದ ಹುಡುಗಿ. ನಮಗಾದರೆ ನಾಲ್ವರಿದ್ದೆವು. ಆಕೆಗೆ ಬಾಗಿಲು ಬಡಿಯುವವರಿಲ್ಲ, ಮಲಗಿದರೆ ಹುಟ್ಟು ನಿಂತಂತೆಯೇ. 52 ದಿನದ ಮೇಲೆ ಆಂಟಿಗುವಾ ಮುಟ್ಟಿದಳು. ಒಬ್ಬಳೇ ಯಾವುದೇ ಮಹಾಸಾಗರವನ್ನು ಹುಟ್ಟು ಹಾಕಿ ದಾಟಿದ ಮೊದಲ ಕಪ್ಪು, ಕಂದು ಬಣ್ಣದ ಮಹಿಳೆ ಎಂದು ಪತ್ರಿಕೆಗಳು ಬರೆದವು. ಆಕೆ ಎತ್ತಿದ ಹಣ ಮಾನಸಿಕ ಆರೋಗ್ಯದ ಸಂಸ್ಥೆಯೊಂದಕ್ಕೂ ಚಾಮರಾಜನಗರದ ದೀನಬಂಧು ಟ್ರಸ್ಟಿನ ಮಕ್ಕಳಿಗೂ ಹೋಯಿತು. ಅಂದು ನಾನು ಅಪ್ಪನಿಗೆ ಫೋನು ಮಾಡಿ ಹೇಳಿದರೆ, ಅವರು ಮೊದಲು ಕೇಳಿದ್ದು "ನಿದ್ದೆ ಹೆಂಗೆ ಮಾಡಿದ್ಲಂತೆ ಆ ಮಗು?"

ಅಪ್ಪನಿಗೆ ಈಗ ರಿಲೀವರ್ ಇದ್ದಾರೆ. ಅಣ್ಣ ತಿಂಗಳಿಗೆ ಎರಡು ವಾರಾಂತ್ಯ ಬೆಂಗಳೂರಿನಿಂದ ಬರುತ್ತಾನೆ. ದಿನವೂ ಮಧ್ಯಾಹ್ನ ಮೂರರಿಂದ ಐದು, ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಹೆಂಗಸೊಬ್ಬರು ಹೊಸಮನೆ ಕಡೆಯಿಂದ ಬಂದು ಅಮ್ಮನ ಜೊತೆ ಇರುತ್ತಾರೆ. ಅಪ್ಪ ಆ ಹೊತ್ತಿನಲ್ಲಿ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಕಾರ್ಖಾನೆಯ ಹಳೆಯ ಗೆಳೆಯರು ನಾಲ್ಕೈದು ಜನ ಹೋಟೆಲಿನ ಮುಂದಿನ ಕಲ್ಲುಬೆಂಚಿನ ಮೇಲೆ ಸೇರುತ್ತಾರಂತೆ, ಬೈಟೂ ಕಾಫಿ, ನಿವೃತ್ತಿ ವೇತನದ ಮಾತು.

ಮೊನ್ನೆ ಅಲ್ಲಿಗೇ ಫೋನು ಮಾಡಿದ್ದೆ. ಹಿಂದೆ ಬಸ್ಸಿನ ಹಾರ್ನು, ಯಾರದೋ ನಗು. ಅಪ್ಪ ಜೋರಾಗಿ ಮಾತಾಡುತ್ತಿದ್ದರು, ಯಾರ ಮಗನ ಮದುವೆ, ಎಲ್ಲಿ ಹೊಸ ರಸ್ತೆ ಎಂದೆಲ್ಲ. ನಡುವೆ ಥಟ್ಟನೆ ನಿಲ್ಲಿಸಿದರು.

"ಇಡ್ತೀನಿ ಪುಟ್ಟಿ. ಐದಕ್ಕೆ ಹತ್ತು ನಿಮಿಷ ಇದೆ. ಆ ಯಮ್ಮಂಗೆ ಬಸ್ ತಪ್ಪಿಹೋಗುತ್ತೆ."